ಬೂದು ಬಣ್ಣದ ನಕ್ಷೆ

ಸೊರಬ ತಾಲ್ಲೂಕಿನ ಒಂದು ಕೆರೆ ಏರಿಯ ಕೆಳಗಿನ ಜಾಗವನ್ನು ನಾನು ಡ್ರೋನ್ ಚಿತ್ರ ನೋಡಿ ನಕ್ಷೆಯಲ್ಲಿ ‘ಒಣ ನೆಲ’ ಎಂದು ಗುರುತಿಸಿದ್ದೆ. ಅದನ್ನು ನಂಬಿ ಲಾರ್ವಾನಾಶಕ ಸಿಂಪಡಿಸುವವರು ಅಲ್ಲಿ ನಿಲ್ಲದೆ ಮುಂದೆ ಹೋದರು. ಅಲ್ಲಿದ್ದದ್ದು ಮೊಣಕಾಲುದ್ದ ಜೌಗು. ಜೊಂಡಿನ ಬುಡದಲ್ಲೆಲ್ಲ ಸೊಳ್ಳೆ ಮರಿ.

ಡ್ರೋನಿನ ಥರ್ಮಲ್ ಕ್ಯಾಮೆರಾ ಹಿಡಿಯುವುದು ಮೇಲ್ಮೈಯ ಶಾಖವನ್ನು ಮಾತ್ರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಾಗಾಗಿ ಬೆಳಗಿನ ಜಾವ ಅದು ನೆಲಕ್ಕಿಂತ ಬೆಚ್ಚಗೆ, ಮಧ್ಯಾಹ್ನ ನೆಲಕ್ಕಿಂತ ತಂಪಾಗಿ ಕಾಣುತ್ತದೆ. ನಡುವೆ, ಬೆಳಿಗ್ಗೆ ಬಿಸಿಲೇರುವಾಗೊಮ್ಮೆ ಮತ್ತು ಸಂಜೆಯೊಮ್ಮೆ, ಎರಡರ ಶಾಖವೂ ಒಂದೇ ಆಗುತ್ತದೆ. ಮಂಜು ಕರಗಲೆಂದು ಕಾದು ನಾನು ಹಾರಿಸಿದ್ದು ಸರಿಯಾಗಿ ಆ ಹೊತ್ತಿನಲ್ಲಿ. ಚಿತ್ರವೆಲ್ಲ ಬೂದು ಬಣ್ಣ. ನೀರಿದೆಯೋ ಇಲ್ಲವೋ ತಿಳಿಯದ ಆ ಚಿತ್ರವನ್ನು ನೀರಿಲ್ಲ ಎಂದೇ ಓದಿಬಿಟ್ಟೆ.

ನನ್ನ ತಪ್ಪನ್ನು ತೋರಿಸಿಕೊಟ್ಟವರು ಊರಿನ ಆಶಾ ಕಾರ್ಯಕರ್ತೆ. “ದೊಡ್ಡ ನೀರಲ್ಲಿ ಮೀನಿದಾವೆ ಸರ್, ಮರಿ ಉಳಿಯಲ್ಲ. ಬಸಿಯೋ ನೀರು ನೋಡಿ” ಎಂದು ಸೌಟು ಕೊಟ್ಟರು. ನೀರಿನ ಮಟ್ಟಕ್ಕೆ ಅಡ್ಡ ಮಲಗಿದ್ದವು ಅನಾಫಿಲಿಸ್ ಮರಿಗಳು. ತಲೆ ಕೆಳಗಾಗಿ ನೇತಾಡುತ್ತಿದ್ದವು ಕ್ಯೂಲೆಕ್ಸ್. ಆಮೇಲೆ ಅಡಿಕೆ ತೋಟಕ್ಕೆ ಕರೆದೊಯ್ದು ಬಿದ್ದ ಹಾಳೆಯೊಂದನ್ನು ಎತ್ತಿ ಬಗ್ಗಿಸಿದರು. ಒಂದು ಲೋಟದಷ್ಟು ಮಳೆನೀರು, ಅದರೊಳಗೆ ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಮರಿಗಳು. ತೋಟದ ಮೇಲೆ ಎಷ್ಟು ಹಾರಿದರೂ ಕ್ಯಾಮೆರಾಕ್ಕೆ ಸಿಗುವುದು ಸೋಗೆಯ ಶಾಖ, ಅಷ್ಟೇ.

ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡು ಹೊಕ್ಕು, ಉಣುಗು ಹೆಕ್ಕಿ, ರೋಗದ ಮೂಲ ಹಿಡಿದಿದ್ದರು. ಅಂಥ ನೆಲದಲ್ಲಿ ನಾನು ಏರಿ ಇಳಿಯದೆಯೇ ನಕ್ಷೆ ಮುಗಿಸಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ಶಿಕಾರಿಪುರದ ಕಡೆ, ಅಂಜನಾಪುರ ಜಲಾಶಯದ ಕಾಲುವೆ ಕೆಳಗಿನ ಗದ್ದೆಗಳಲ್ಲಿ, ಈಗ ಸೂರ್ಯ ಹುಟ್ಟುವ ಮೊದಲೇ ಹಾರಿಸುತ್ತೇವೆ. ನಾಟಿಯಾದ ಹೊಸದರಲ್ಲಿ ಮಾತ್ರ. ಪೈರು ದಟ್ಟವಾದರೆ ನೀರು ಮರೆಯಾಗುತ್ತದೆ. ಚಿತ್ರದಲ್ಲಿ ಬೆಚ್ಚಗೆ ಕಂಡಲ್ಲೂ ಅನುಮಾನ ಬಂದಲ್ಲೂ ಅದೇ ದಿನ ಸೌಟು ಅದ್ದುತ್ತೇವೆ. ಬೂದು ಉಳಿದ ಜಾಗಕ್ಕೆ ‘ನೋಡಬೇಕು’ ಎಂದು ಬರೆಯುತ್ತೇವೆ. ಅಡಿಕೆ ತೋಟಗಳಿಗೆ ಡ್ರೋನ್ ಒಯ್ಯುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ಮಳೆಗಾಲ ಮುಗಿಯುವವರೆಗೂ ವಾರಕ್ಕೊಮ್ಮೆ ಹಾಳೆ ಹೆಕ್ಕಲೇಬೇಕೆಂದು ತೋಟದವರನ್ನು ಕೇಳಿಕೊಳ್ಳುತ್ತಿದ್ದೇವೆ.