ಮಳೆ ಬೇಡುವವರು ಹತ್ತುವ ಕಿಗ್ಗ

ಶೃಂಗೇರಿಗೆ ಹೋದವರು ಶಾರದಾಂಬೆಯ ದರ್ಶನ ಮಾಡಿ, ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಎಣಿಸಿ, ತುಂಗೆಯ ಮೀನುಗಳನ್ನು ನೋಡಿ, ಊಟ ಮುಗಿಸಿ ಹೊರನಾಡಿನ ಬಸ್ಸು ಹತ್ತುವುದು ವಾಡಿಕೆ. ಅಲ್ಲಿಂದ ಹತ್ತು ಕಿಲೋಮೀಟರಿನಷ್ಟೇ ದೂರವಿರುವ ಕಿಗ್ಗಕ್ಕೆ ಹೋಗುವವರು ಕಡಿಮೆ. ಆದರೆ ಮುಂಗಾರು ಕೈಕೊಟ್ಟ ವರ್ಷ ನೋಡಬೇಕು! ಬಯಲುಸೀಮೆಯ ಜನ ಈ ಪುಟ್ಟ ಊರನ್ನು ಹುಡುಕಿಕೊಂಡು ಬರುತ್ತಾರೆ. ಇಲ್ಲಿರುವ ಋಷ್ಯಶೃಂಗೇಶ್ವರ ಮಳೆ ಕೊಡುವ ದೇವರು.

ದಾರಿ ಗದ್ದೆ, ಅಡಿಕೆ ತೋಟ, ಕಾಡುಗಳ ನಡುವೆ ಸಾಗುತ್ತದೆ. ಊರು ಹಳೆಯದು. ಆಳುಪ ಅರಸರ ಕಾಲದ ಶಾಸನಗಳು ಇಲ್ಲಿ ಸಿಕ್ಕಿವೆ. ಶೃಂಗೇರಿಗೆ ಆ ಹೆಸರು ಬಂದದ್ದೇ ಋಷ್ಯಶೃಂಗಗಿರಿಯಿಂದ ಎನ್ನುತ್ತಾರೆ. ಶೃಂಗೇರಿ ಪೇಟೆಯ ನಡುವಿನ ಗುಡ್ಡದ ಮೇಲಿರುವ ಮಲಹಾನಿಕರೇಶ್ವರ, ಋಷ್ಯಶೃಂಗನ ತಂದೆ ವಿಭಾಂಡಕ ಮುನಿ ಐಕ್ಯವಾದ ಸ್ಥಳವೆಂಬುದು ಪ್ರತೀತಿ. ತಂದೆ ಪೇಟೆಯಲ್ಲಿ, ಮಗ ಕಾಡಿನಲ್ಲಿ!

ಋಷ್ಯಶೃಂಗನ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಂಗದೇಶದಲ್ಲಿ, ಅಂದರೆ ಇಂದಿನ ಬಿಹಾರದ ಭಾಗಲ್ಪುರದ ಸುತ್ತಿನ ನಾಡಿನಲ್ಲಿ, ಮಳೆ ನಿಂತುಹೋಯಿತು. ತಂದೆಯನ್ನಲ್ಲದೆ ಬೇರೆ ಮನುಷ್ಯರನ್ನೇ ಕಾಣದೆ ಬೆಳೆದ ಋಷ್ಯಶೃಂಗನನ್ನು ದೊರೆ ರೋಮಪಾದ ಉಪಾಯದಿಂದ ಕರೆಸಿದ. ಅವನು ನಾಡಿನಲ್ಲಿ ಕಾಲಿಟ್ಟೊಡನೆ ಮಳೆ ಸುರಿಯಿತು. ದೊರೆ ಮಗಳು ಶಾಂತೆಯನ್ನು ಅವನಿಗೆ ಧಾರೆಯೆರೆದುಕೊಟ್ಟ. ಮಕ್ಕಳಿಗೆ ಕಥೆ ಹೇಳುವಾಗ ಹಿರಿಯರು ಒಂದು ಸಂಗತಿಯನ್ನು ಬಿಟ್ಟುಬಿಡುವುದುಂಟು. ಮಹಾಭಾರತದ ಪ್ರಕಾರ ಬರಕ್ಕೆ ಕಾರಣ ದೊರೆಯೇ. ಅವನು ಸುಳ್ಳಾಡಿ ಬ್ರಾಹ್ಮಣರಿಗೆ ಅನ್ಯಾಯ ಮಾಡಿದ್ದ. ಅವನಿಗೆ ಸಿಕ್ಕ ಸಲಹೆಯಲ್ಲಿ ಮೊದಲ ಮಾತು ಮುನಿಯನ್ನು ಕರೆಸು ಎಂಬುದಲ್ಲ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೋ ಎಂಬುದು. ಕಷ್ಟ ಬಂದಾಗ ದೇವರನ್ನು ಮುಂದಿಡುವುದೆಂದರೆ ಹರಕೆಯ ಚೀಟಿ ಬರೆಸುವುದಷ್ಟೇ ಎಂದುಕೊಂಡವರು ಆ ಭಾಗವನ್ನು ಇನ್ನೊಮ್ಮೆ ಓದಬಹುದು.

ಋಷ್ಯಶೃಂಗನಿರುವ ಜಾಗದಿಂದ ಹನ್ನೆರಡು ಯೋಜನದವರೆಗೆ ಬರ ಸುಳಿಯದು ಎಂಬ ನಂಬಿಕೆಯಿದೆ. ಯೋಜನಕ್ಕೆ ಎಂಟು ಮೈಲಿ ಹಿಡಿದರೆ ನೂರೈವತ್ತು ಕಿಲೋಮೀಟರು ಮೀರುತ್ತದೆ. ಆ ವೃತ್ತದೊಳಗೇ, ಇದೇ ಚಿಕ್ಕಮಗಳೂರು ಜಿಲ್ಲೆಯಲ್ಲೇ, ಬರಕ್ಕೆ ಹೆಸರಾದ ಕಡೂರು ಇದೆ. ನಂಬಿಕೆಯನ್ನು ಕೈವಾರ ಹಿಡಿದು ಅಳೆಯುವುದು ಜಾಣತನವಲ್ಲ. ಆದರೆ ಈ ಬೆಟ್ಟಗಳ ಮೇಲೆ ಮಳೆ ಧಾರಾಳವಾಗಿ ಬೀಳುತ್ತದೆಂಬುದನ್ನು ಹಿಂದಿನವರು ಕಂಡುಕೊಂಡಿದ್ದರು, ಅದಂತೂ ನಿಜ. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬಂದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ. ಸಾವಿರ ಮೀಟರಿಗೆ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್, ಮೋಡ ಕಟ್ಟತೊಡಗಿದ ಮೇಲೆ ಅದಕ್ಕಿಂತ ಕಡಿಮೆ. ತಣಿದ ಗಾಳಿ ಅಷ್ಟು ತೇವವನ್ನು ಹಿಡಿದಿಡಲಾರದು, ಸುರಿಸಿಬಿಡುತ್ತದೆ. ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರು ಮೀರುತ್ತದೆ. ಘಟ್ಟ ಇಳಿದು ಪೂರ್ವಕ್ಕೆ ಹೋದ ಗಾಳಿಯಲ್ಲಿ ಉಳಿಯುವುದು ಅಲ್ಪ. ಕಡೂರಿನ ಪಾಲಿಗೆ ಬರುವುದು 600ರ ಆಸುಪಾಸು.

ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರು, ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಮೇಲು. ಹತ್ತು ಮಿಲಿಮೀಟರಿನ ಒಂದು ಹದ ಮಳೆ ತಪ್ಪಿದರೆ ಎಕರೆ ರಾಗಿ ಹೊಲಕ್ಕೆ ನಲವತ್ತು ಸಾವಿರ ಲೀಟರು ಖೋತಾ. ಬಿತ್ತಿದ ಮೇಲೆ ಮಳೆ ಮುಖ ತಿರುಗಿಸಿದರೆ ಬೀಜ ಮಣ್ಣಿನಲ್ಲೇ ಹೋಗುತ್ತದೆ, ಬೀಜಕ್ಕೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಬಾಡಿಗೆ ವ್ಯಾನಿನಲ್ಲಿ ಊರೊಟ್ಟಿಗೆ ಕಿಗ್ಗಕ್ಕೆ ಬಂದು ಸಾಲಾಗಿ ನಿಲ್ಲುವವರ ಬೆನ್ನ ಹಿಂದೆ ಇಂಥ ಲೆಕ್ಕವಿರುತ್ತದೆ. ಅವರನ್ನು ನೋಡಿ ನಗುವುದು ಸುಲಭ.

ಪೂಜೆಯಿಂದ ಮಳೆ ಬರುತ್ತದೆಯೇ? ಮುಂಗಾರು ಜೂನ್ ಮೊದಲ ವಾರ ಬರಬೇಕಾದದ್ದು, ತಡವಾದಾಗ ಪೂಜೆ. ಆ ಮೇಲೆ ಬೀಳುವ ಮಳೆ ಪೂಜೆಯದೋ ಕಾಲದ್ದೋ ಎಂದು ಬೇರ್ಪಡಿಸಲು ಯಾವ ಪ್ರಯೋಗಶಾಲೆಗೂ ಆಗದು. 2019ರ ಜೂನ್‌ನಲ್ಲಿ ರಾಜ್ಯದ ಮುಜರಾಯಿ ದೇವಾಲಯಗಳಲ್ಲಿ ಪರ್ಜನ್ಯ ಹೋಮ, ಜಪ ನಡೆದವು. ಆ ವರ್ಷವೇ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದವು, ಮೂಡಿಗೆರೆಯ ಗುಡ್ಡಗಳು ಕುಸಿದವು. ಅತಿವೃಷ್ಟಿಯಾದಾಗ ಸಾಕು ನಿಲ್ಲಿಸು ಎಂದು ಬೇಡಲೂ ಜನ ಬರುವುದು ಇದೇ ಕಿಗ್ಗಕ್ಕೆ. ಮೋಡ ಬಿತ್ತನೆಯನ್ನೂ ಸರ್ಕಾರ 2017ರಲ್ಲಿ ‘ವರ್ಷಧಾರಿ’ ಎಂಬ ಹೆಸರಿನಲ್ಲಿ ಮಾಡಿಸಿತು. ಅದಕ್ಕೂ ಆಕಾಶದಲ್ಲಿ ಮೊದಲು ಮೋಡವಿರಬೇಕು.

ಪೂಜೆ ಮುಗಿಸಿದ ರೈತ ಊರಿಗೆ ಹೋಗಿ ಸುಮ್ಮನೆ ಕೂರುವುದಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಹೊಲ ಉತ್ತು ಹಸನು ಮಾಡಿ, ಬೀಜ ತೆಗೆದಿಟ್ಟೇ ಅವನು ಹೊರಟಿರುತ್ತಾನೆ. ಕೈಯಲ್ಲಾಗುವ ಕೆಲಸ ಮುಗಿದು, ಕೈಯಲ್ಲಾಗದ್ದು ಉಳಿದಾಗ ಬೆಟ್ಟ ಹತ್ತುತ್ತಾನೆ. ಮಳೆ ಬಾರದ ವರ್ಷವೂ ಅವನು ದೇವರ ಮೇಲೆ ಮುನಿದುಕೊಂಡು ಹೊಲ ಮಾರುವುದಿಲ್ಲ, ಮರುವರ್ಷ ಮತ್ತೆ ಬಿತ್ತುತ್ತಾನೆ. ಆ ನಂಬಿಕೆ ಕೊಡುವ ಬಲ ಮಳೆಮಾಪಕದಲ್ಲಿ ಬೀಳುವಂಥದ್ದಲ್ಲ. (ಪರೀಕ್ಷೆಯ ಹಿಂದಿನ ವಾರ ಶಾರದಾಂಬೆಯ ಮುಂದೆ ಪ್ರವೇಶಪತ್ರ ಇಟ್ಟು ಕೈಮುಗಿಯುವ ವಿದ್ಯಾರ್ಥಿಗಳು ಈ ರೈತನನ್ನು ಸ್ವಲ್ಪ ನೆನೆದರೆ ತಪ್ಪಿಲ್ಲ.)

ಈ ಬೆಟ್ಟಗಳ ಮಳೆ ಇಲ್ಲಿಗೇ ಮುಗಿಯುವುದೂ ಇಲ್ಲ. ಹಳ್ಳಗಳು ತುಂಗೆಗೆ, ತುಂಗೆ ಕೂಡಲಿಯಲ್ಲಿ ಭದ್ರೆಗೆ ಸೇರಿ ಹೊಸಪೇಟೆಯ ಅಣೆಕಟ್ಟು ತುಂಬುತ್ತದೆ. ರಾಯಚೂರಿನ ಕಾಲುವೆಯ ರೈತ ಇಲ್ಲಿ ಬಂದು ಕೈಮುಗಿದರೆ ಭೂಗೋಳವೂ ಅವನ ಪರವಾಗಿದೆ!

ಕಿಗ್ಗದಿಂದ ಐದು ಕಿಲೋಮೀಟರು ಮುಂದೆ ಸಿರಿಮನೆ ಜಲಪಾತ. ನಡೆಯಬಲ್ಲವರಿಗೆ ಸುಮಾರು 1,150 ಮೀಟರು ಎತ್ತರದ ನರಸಿಂಹ ಪರ್ವತವೂ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಇಂಬಳ ಕಾಟ, ಕಾಲಿಗೆ ಸುಣ್ಣ ಹಚ್ಚಿಕೊಂಡರೆ ಸ್ವಲ್ಪ ತಡೆದೀತು. ವಾಪಸು ಬರುವಾಗ ಚಿಕ್ಕಮಗಳೂರು, ಸಖರಾಯಪಟ್ಟಣದ ಮೇಲೆ ಕಡೂರಿಗೆ ಬರುವ ದಾರಿ ಹಿಡಿಯುವುದು ಒಳ್ಳೆಯದು. ಮಕ್ಕಳನ್ನು ಕಿಟಕಿಯ ಪಕ್ಕ ಕೂರಿಸಿ ಕೈಗೊಂದು ನೋಟ್‌ಬುಕ್ ಕೊಡಿ. ಕಾಡು ಎಲ್ಲಿಗೆ ಮುಗಿಯಿತು, ಕಾಫಿ ಎಲ್ಲಿಗೆ ನಿಂತಿತು, ಮೊದಲ ರಾಗಿ ಹೊಲ ಎಲ್ಲಿ ಕಂಡಿತು, ಬಸ್ಸಿನ ಗಾಜಿನ ಮೇಲೆ ಹನಿ ಬೀಳುವುದು ಯಾವ ಊರಿನಲ್ಲಿ ನಿಂತಿತು ಎಂದು ಬರೆದುಕೊಳ್ಳಲಿ.