ಸೆಂಗಾಕುಜಿಯ ಬಾವಿ

ಟೋಕಿಯೋದ ತಕನಾವಾದಲ್ಲಿ ಎತ್ತರದ ಕಟ್ಟಡಗಳ ನಡುವೆ ಸೆಂಗಾಕುಜಿ ಎಂಬ ಝೆನ್ ದೇಗುಲವಿದೆ. ಗೋರಿಗಳಿಗೆ ಹತ್ತುವ ದಾರಿಯ ಪಕ್ಕದಲ್ಲೇ ಕಲ್ಲುಕಟ್ಟೆಯ ಪುಟ್ಟ ಬಾವಿ. ಸಮುರಾಯಿಗಳು ಕಡಿದು ತಂದ ತಲೆಯನ್ನು ತೊಳೆದದ್ದು ಇಲ್ಲಿಯೇ. ಅದನ್ನು ಓದಿ ಬಲ್ಲೆ; ಆದರೂ ಆ ಕಟ್ಟೆಯೆದುರು ಕಾಲು ಮುಂದಕ್ಕೆ ಹೋಗಲಿಲ್ಲ.

1701ರಲ್ಲಿ ಅಕೋ ಸೀಮೆಯ ದೊರೆ ಅಸಾನೊ ನಾಗನೊರಿ, ನಾಡನ್ನಾಳುತ್ತಿದ್ದ ಸೇನಾಧಿಪತಿ ಶೋಗನ್‌ನ ಎದೋ ಕೋಟೆಯೊಳಗೆ ಕಿರಾ ಯೋಶಿನಾಕ ಎಂಬ ಅಧಿಕಾರಿಯ ಮೇಲೆ ಕತ್ತಿ ಎತ್ತಿದ. ಕೋಟೆಯಲ್ಲಿ ಕತ್ತಿ ಹಿರಿಯುವುದೇ ಘೋರ ಅಪರಾಧ. ಅಂದೇ ಸೆಪ್ಪುಕುವಿನ ಆಜ್ಞೆಯಾಯಿತು, ದೊರೆ ತನ್ನ ಹೊಟ್ಟೆ ತಾನೇ ಸೀಳಿಕೊಂಡ. ಜಗಳವಾಡಿದ ಇಬ್ಬರಿಗೂ ಶಿಕ್ಷೆ ಎನ್ನುವುದು ಆ ಕಾಲದ ಹಳೆಯ ರೂಢಿ. ಕಿರಾನಿಗೆ ಮಾತ್ರ ಏನೂ ಆಗಲಿಲ್ಲ. ಅಕೋ ಸೀಮೆ ಮುಟ್ಟುಗೋಲಾಯಿತು, ಅದರ ಸಮುರಾಯಿಗಳು ಒಡೆಯನಿಲ್ಲದ ರೋನಿನ್‌ಗಳಾದರು.

ಓಇಶಿ ಕುರನೊಸುಕೆಯ ಮುಂದಾಳ್ತನದಲ್ಲಿ ನಲವತ್ತೇಳು ಮಂದಿ ಸುಮಾರು ಎರಡು ವರ್ಷ ಕಾದರು. 1703ರ ಜನವರಿ ಕೊನೆಯ ಒಂದು ನಸುಕಿನಲ್ಲಿ ಕಿರಾನ ಮನೆಗೆ ನುಗ್ಗಿ ಅವನನ್ನು ಕೊಂದರು. ತಲೆ ಹಿಡಿದು ಊರುದ್ದ ನಡೆದು ಬಂದು, ಈ ನೀರಿನಲ್ಲಿ ತೊಳೆದು ದೊರೆಯ ಗೋರಿಯ ಮುಂದಿಟ್ಟರು. ಆ ತಲೆಯನ್ನು ಕಿರಾನ ಮನೆಗೆ ಮರಳಿಸಿದಾಗ ಪಡೆದ ರಸೀದಿ ದೇಗುಲದಲ್ಲಿ ಇಂದಿಗೂ ಇದೆ: ತಲೆ ಒಂದು, ಕಾಗದದ ಪೊಟ್ಟಣ ಒಂದು, ಕೆಳಗೆ ಸಹಿ. ನೆತ್ತರಿನ ಲೆಕ್ಕವನ್ನೂ ಇಷ್ಟು ಚೊಕ್ಕವಾಗಿ ಬರೆದಿಟ್ಟ ಸಮಾಜ ಅದು!

ಸಮುರಾಯಿ ಧರ್ಮವೆಂದರೆ ಕಲ್ಲಿನಲ್ಲಿ ಕೊರೆದ ಒಂದೇ ಕಟ್ಟಳೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಅಂದು ಜಪಾನಿನ ಪಂಡಿತರಲ್ಲೇ ಒಮ್ಮತವಿರಲಿಲ್ಲ. ದೊರೆಯ ಋಣ ತೀರಿಸಿದ ವೀರರೆಂದು ಕೆಲವರು ಹೊಗಳಿದರು. ಸ್ವಂತ ನಿಷ್ಠೆಗಾಗಿ ನಾಡಿನ ಕಾನೂನು ಮುರಿಯಬಾರದು ಎಂಬುದು ಓಗ್ಯೂ ಸೊರೈಯ ವಾದ. ಸಮುರಾಯಿ ಬದುಕಿನ ಬಗೆಗಿನ ‘ಹಗಾಕುರೆ’ ಗ್ರಂಥದ ಯಾಮಾಮೊತೊ ತ್ಸುನೆತೊಮೊನ ಆಕ್ಷೇಪವೇ ಬೇರೆ: ಅಷ್ಟು ಕಾಲ ಕಾದದ್ದೇ ತಪ್ಪು, ನಡುವೆ ಕಿರಾ ಕಾಯಿಲೆಯಿಂದ ಸತ್ತಿದ್ದರೆ? ನನ್ನ ಮನಸ್ಸು ಕಾದವರ ಕಡೆಗೇ ವಾಲುತ್ತದೆ. ಆ ಕ್ಷಣದ ಸಿಟ್ಟಿಗಿಂತ ಎರಡು ವರ್ಷ ಆರದೆ ಉಳಿದ ಸಂಕಲ್ಪ ದೊಡ್ಡದು.

ಮೇಲೆ, ಆ ಸಮುರಾಯಿಗಳ ಗೋರಿಗಳ ನಡುವೆ ಊದುಬತ್ತಿಯ ಹೊಗೆ ದಟ್ಟವಾಗಿ ಏಳುತ್ತದೆ. ಬಂದವರು ಕಟ್ಟುಗಟ್ಟಲೆ ಹಚ್ಚಿ, ಒಂದೊಂದು ಕಲ್ಲಿನ ಮುಂದೂ ಬಗ್ಗಿ ಒಂದೊಂದು ಕಡ್ಡಿ ಇಡುತ್ತಾರೆ. ಎಪ್ಪತ್ತು ದಾಟಿದ ಹೊರಿಬೆ ಯಾಹೆಯಿಯೂ, ಇನ್ನೂ ಹುಡುಗನಾಗಿದ್ದ ಓಇಶಿಯ ಮಗ ಚಿಕಾರನೂ ಇಲ್ಲಿ ಒಂದೇ ಸಮ.

ಆ ನಲವತ್ತೇಳರಲ್ಲಿ 46 ಮಂದಿಗೆ ಸಾವಿನ ತೀರ್ಪಾಯಿತು, ಆದರೆ ಅಪರಾಧಿಗಳಂತೆ ಶಿರಚ್ಛೇದವಲ್ಲ, ಸಮುರಾಯಿಗಳಿಗೆ ಸಲ್ಲುವ ಸೆಪ್ಪುಕು. ಕಾಲಾಳು ತೆರಸಾಕ ಕಿಚಿಯೆಮೊನ್ ಒಬ್ಬನೇ ಉಳಿದು ಮುಪ್ಪಿನವರೆಗೆ ಬಾಳಿದ. ತೀರ್ಪಿನ ದಿನವೇ ಶೋಗನ್ ಸರ್ಕಾರ ಕಿರಾನ ಮನೆತನವನ್ನೂ ಅಳಿಸಿತು. ಉತ್ತರಾಧಿಕಾರಿ ಯೋಶಿಚಿಕ ಆ ದಾಳಿಯಲ್ಲಿ ಗಾಯಗೊಂಡಿದ್ದ. ಆದರೂ ದೂರದ ಸುವಾ ಸೀಮೆಯಲ್ಲಿ ಸೆರೆಯಾದ. ತಂದೆಯ ತಲೆ ಹೋಗುವಾಗ ಅವನು ಹೋರಾಡಿದ್ದು ಸಾಲದು ಎಂಬುದೇ ಅವನ ಮೇಲಿನ ಆರೋಪ.