ಕೊನೇಲಿ ಉಣ್ಣೋರ ಲೆಕ್ಕ

ಹಲಸೂರು ಮೆಟ್ರೋ ಮೆಟ್ಟಿಲು ಹತ್ತೋವಾಗ ಏದುಸಿರು ಬರೋಕೆ ಶುರುವಾಗಿ ಎರಡು ತಿಂಗಳಾಗಿತ್ತು. ವಯಸ್ಸಾಯ್ತು, ಮೈ ಬಂದಿದೆ, ಅದಕ್ಕೇ ಇರ್ಬೇಕು ಅಂದ್ಕೊಂಡು ಸುಮ್ನಿದ್ದೆ. ಕೆ.ಆರ್. ಪುರದಿಂದ ಬಂದಿದ್ದ ನಮ್ಮಕ್ಕ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಏನೇ ಇದು, ಸುಣ್ಣ ಬಳ್ದಂಗಿದೆ! ನಾಳೇನೇ ಹೋಗಿ ರಕ್ತ ಪರೀಕ್ಷೆ ಮಾಡಿಸು" ಅಂತ ಬೈದ್ಲು. ಮಾಡಿಸ್ದೆ. ಹಿಮೋಗ್ಲೋಬಿನ್ 9.2. ಬಸುರಿ ಅಲ್ಲದ ಹೆಂಗಸ್ರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ.

"74 ಕೆ.ಜಿ. ಇದೀನಿ, ನಂಗೆ ಹೆಂಗೆ ಡಾಕ್ಟ್ರೇ ರಕ್ತ ಕಮ್ಮಿ?" ಅಂದೆ. ಅನ್ನ, ಎಣ್ಣೆ, ಸಕ್ಕರೆ ಜಾಸ್ತಿಯಾದ್ರೆ ತೂಕ ಏರುತ್ತೆ, ರಕ್ತಕ್ಕೆ ಬೇಕಾದ ಕಬ್ಬಿಣದಂಶ ಬೇರೆ, ಎರಡನ್ನೂ ಬೇರೆ ಬೇರೆಯಾಗೇ ನೋಡ್ಬೇಕು ಅಂದ್ರು. ಮುಟ್ಟಿನ ವಿಷಯಾನೂ ಕೇಳಿದ್ರು. ಮಾತ್ರೆ ಬರೆದ್ಕೊಟ್ಟು, "ಒಂದ್ ವಾರ ಮನೇಲಿ ಯಾರ್ಯಾರು ಏನೇನು ತಿಂತೀರಾ ಅಂತ ಬರ್ಕೊಂಡು ಬನ್ನಿ" ಅಂದ್ರು.

ಮಗನ ಹಳೇ ರಫ್ ನೋಟ್‌ಬುಕ್ಕಲ್ಲಿ ಬರೆಯೋಕೆ ಕೂತೆ. ಯಜಮಾನ್ರಿಗೆ ಮುದ್ದೆ, ಬಸ್ಸಾರು, ಪಲ್ಯ, ಮೊಸರು. ಮಕ್ಕಳಿಗೆ ಮೊಟ್ಟೆ, ಹಾಲು, ಬಾಳೆಹಣ್ಣು. ನಂಗೆ? ಎಲ್ರಿಗೂ ಬಡಿಸಿ ಕೂರೋ ಹೊತ್ತಿಗೆ ಪಲ್ಯದ ಬಾಣಲೆ ಖಾಲಿ. ಉಳಿದಿದ್ದ ಅನ್ನಕ್ಕೆ ಸಾರಿನ ತಿಳಿ ಹಾಕ್ಕೊಂಡು ಉಂಡು, ಕೈ ತೊಳೆದ ತಕ್ಷಣ ಒಂದ್ ಲೋಟ ಕಾಫಿ. ಏಳು ದಿನಾನೂ ಇದೇ ಕಥೆ.

ಆ ಪುಸ್ತಕ ನೋಡಿ ಡಾಕ್ಟ್ರು ಒಂದು ಲೆಕ್ಕ ಹೇಳಿದ್ರು. ಐಸಿಎಂಆರ್ 2020ರ ಪಟ್ಟೀಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದಂಶ, ಮುಟ್ಟಾಗೋ ವಯಸ್ಸಿನ ಹೆಂಗಸಿಗೆ 29. ನೋಡ್ರಮ್ಮ, ನಮಗೆ ಜಾಸ್ತಿ ಬೇಕು, ನಮ್ಮ ತಟ್ಟೆಗೇ ಕಮ್ಮಿ! ರಾಗಿ ತಿಂತೀವಲ್ಲ ಅಂದೆ. 100 ಗ್ರಾಂ ರಾಗೀಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ ಅಷ್ಟೇ. ಸುಣ್ಣದಂಶಕ್ಕೆ ರಾಗಿ ಬಲು ಒಳ್ಳೇದು, ಆದ್ರೆ ರಕ್ತಕ್ಕೆ ಅದೊಂದೇ ಸಾಲಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2024ರಲ್ಲಿ ಹೇಳಿರೋ ದಿನದ ತಟ್ಟೇಲಿ ಅಕ್ಕಿ-ರಾಗಿ-ಗೋಧಿ ಎಲ್ಲಾ ಸೇರಿ 250 ಗ್ರಾಂ, ಆದ್ರೆ ಸೊಪ್ಪು-ತರಕಾರಿ 400 ಗ್ರಾಂ. ನಮ್ಮನೇಲಿ ಪೂರ್ತಿ ಉಲ್ಟಾ. ಊಟದ ಹಿಂದೆ ಮುಂದೆ ಒಂದ್ ಗಂಟೆ ಕಾಫಿ ಟೀ ಬೇಡ ಅಂತಾನೂ ಅದರಲ್ಲಿದೆ. ಊಟದ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತೋಕೆ ಅವು ಬಿಡಲ್ಲ.

ಇದನ್ನೆಲ್ಲ ಮನೇಲಿ ಓದಿ ಹೇಳ್ತಿದ್ದೆ. ನಮ್ಮತ್ತೆ ಕೇಳ್ತಾ ಕೂತಿದ್ರು. ಕೊನೇಗೆ ಮೆಲ್ಲಗೆ, "ಇದ್ರಲ್ಲಿ ನಂದು ಯಾಕಮ್ಮ ಬರ್ದಿಲ್ಲ?" ಅಂದ್ರು.

ಏನ್ ಹೇಳ್ಲಿ? ಕೊನೇಲಿ ಉಣ್ಣೋಳು ನಾನೇ ಅಂತ ನನ್ನನ್ನೇ ನಾನು ಅಯ್ಯೋ ಅಂದ್ಕೊಂಡು ಕೂತಿದ್ದೆ. ಅತ್ತೆ "ನಂಗೆ ಹಸಿವಿಲ್ಲ, ನೀನ್ ಉಣ್ಣು" ಅಂತ ನನಗಿಂತ ಹಿಂದೆ, ಸೀದ ಅನ್ನಕ್ಕೆ ಮಜ್ಜಿಗೆ ಕಲಸ್ಕೊಳ್ತಿದ್ದಿದ್ದು ನನ್ನ ಪುಸ್ತಕಕ್ಕೆ ಬಂದೇ ಇರ್ಲಿಲ್ಲ. ಮಾರನೇ ದಿನ ಅವ್ರನ್ನೂ ಕರ್ಕೊಂಡು ಹೋದೆ. 8.7.

ಈಗ ರಾತ್ರಿ ಐದು ತಟ್ಟೆ ಒಟ್ಟಿಗೇ ಇಡ್ತೀವಿ. ಪಲ್ಯ ಐದು ಪಾಲಾದ ಮೇಲೇ ಎಲ್ರೂ ಕೈ ಹಾಕೋದು. ಮೊದಮೊದಲು ಯಜಮಾನ್ರಿಗೆ ಇರುಸುಮುರುಸು, ಈಗ ಅವ್ರೇ ಬಡಿಸ್ತಾರೆ. ಶಿವಾಜಿನಗರಕ್ಕೆ ಹೋದಾಗ ದಂಟು, ಹೊನಗೊನೆ, ನುಗ್ಗೆ ಸೊಪ್ಪು ತರ್ತೀನಿ. ಅಲಸಂದೆ ಕಾಳು ಜಾಸ್ತಿ, ಮೇಲೆ ಅರ್ಧ ಹೋಳು ನಿಂಬೆಹುಳಿ. ಹುಳಿ ಇದ್ರೆ ಕಬ್ಬಿಣದಂಶ ಚೆನ್ನಾಗಿ ಹತ್ತುತ್ತೆ. ಕಾಫಿ ನಾಲ್ಕು ಗಂಟೆಗೆ. ಮಾತ್ರೆ ತಪ್ಪಿಸಲ್ಲ, ಇಷ್ಟು ಇಳಿದ್ಮೇಲೆ ಬರೀ ಊಟದಲ್ಲಿ ತುಂಬಲ್ಲ ಅಂತ ಡಾಕ್ಟ್ರು ಹೇಳಿದಾರೆ. ಅತ್ತೆಗೆ ಆ ವಯಸ್ಸಲ್ಲಿ ಯಾಕೆ ಇಳೀತು ಅಂತ ಬೇರೆ ಪರೀಕ್ಷೇನೂ ಮಾಡಿಸ್ತಿದೀವಿ.

ಮೂರು ತಿಂಗಳಾಯ್ತು. ನಂದು 11.3, ಅತ್ತೆದು 10.1. ಇಬ್ರೂ ಇನ್ನೂ ಗೆರೆ ಮುಟ್ಟಿಲ್ಲ.

ಅಕ್ಕ, ಅತ್ತಿಗೆ, ಪಕ್ಕದ್ಮನೆ ಆಂಟಿ, ನೀವೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ಹೋಗೋವಾಗ ಮನೇಲಿ "ನಂಗೆ ಹಸಿವಿಲ್ಲ" ಅನ್ನೋರು ಯಾರಿದಾರೋ, ಅವ್ರನ್ನೂ ಕರ್ಕೊಂಡು ಹೋಗಿ.